ಮೂರು ಬಣ್ಣದ ತಗಡು

ಮೊನ್ನೆ ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತುಂಬುತ್ತಿದ್ದ ತಗಡಿನ ಮೊರದ ಮೇಲೆ ನನ್ನ ಕಣ್ಣು ನಿಂತಿತು. ಅಂಚಿಗೆ ಸಾಲಾಗಿ ರಿವೆಟ್ಟುಗಳು. ಬಿಳಿ ಬಣ್ಣ ಕಿತ್ತಲ್ಲಿ ನೀಲಿ, ನೀಲಿಯ ಕೆಳಗೆ ಹಸಿರು... ಈ ತಗಡು ನನಗೆ ಗೊತ್ತಿತ್ತು.

ನನ್ನ ಹರೆಯದಲ್ಲಿ ಗೋಕುಲ ರಸ್ತೆಯಾಚೆಯ ವಿಮಾನ ಮೈದಾನದಲ್ಲಿ ಎರಡು ಪಂಖಾಗಳ ಒಂದು ಹಳೆಯ ವಿಮಾನವಿತ್ತು. ಸೈನ್ಯದಲ್ಲಿದ್ದಾಗ ಅದು ಹಸಿರು. ಪ್ರಯಾಣಿಕರನ್ನು ಹೊತ್ತ ಕಂಪನಿ ನೀಲಿ ಬಳಿಯಿತು. ಮೂರನೆಯ ಮಾಲೀಕ ಆಸನ ಕಿತ್ತುಹಾಕಿ, ಬಿಳಿ ಬಳಿದು, ಕೋಳಿಮರಿ ಸಾಗಿಸಿದ. ನಾಲ್ಕನೆಯವನು ಬಣ್ಣಕ್ಕೂ ಕೈಬಿಚ್ಚದ ಜಿಪುಣ. ಅವನ ಆಫೀಸಿನಲ್ಲಿ ನಾನು ಟೈಪಿಸ್ಟ್. ಇಂಜಿನ್ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಕಾಕಾ ಮಾತ್ರ ನೀಲಿ ಬಣ್ಣದ ಕಾಲದಿಂದಲೂ ಅದರ ಜೊತೆಗಿದ್ದರು, ಹಸು ಮಾರಿದರೆ ಹಿಂದೆಯೇ ಬರುವ ಕರುವಿನ ಹಾಗೆ.

ಇಂಜಿನ್ ಚಾಲೂ ಮಾಡುವ ಮೊದಲು ಅವರು ಪಂಖಾವನ್ನು ಎರಡೂ ಕೈಯಿಂದ ತಳ್ಳಿ ತಿರುಗಿಸುತ್ತಿದ್ದರು. ಒಳಗೆ ಎಣ್ಣೆ ಇಳಿದು ನಿಂತಿದ್ದರೆ ಪಂಖಾ ತಿರುಗದೆ ತಡೆಯುತ್ತದಂತೆ, ಹಾಗೇ ಚಾಲೂ ಮಾಡಿದರೆ ಇಂಜಿನ್ ಕೆಡುತ್ತದಂತೆ. ಅವರದೇ ಇನ್ನೊಂದು ನೇಮವಿತ್ತು: ವಿಮಾನ ಸರಿಯಿದೆ ಎಂದು ನಾನು ಟೈಪ್ ಮಾಡಿಕೊಟ್ಟ ಕಾಗದಕ್ಕೆ ಸಹಿ ಹಾಕಿದ ಮೇಲೆ ತಾವೂ ಅದರಲ್ಲಿ ಹತ್ತುವುದು.

ವಿಮಾನ ಕೊಳ್ಳಲು ಬಂದವನೊಬ್ಬ ಒಮ್ಮೆ ಹಾರಿಸಿ ತೋರಿಸಿ ಎಂದ. ಆ ದಿನ ಎಡಗಡೆಯ ಪಂಖಾ ತಡೆಯಿತು. ಕಾಕಾ ಎಣ್ಣೆ ಇಳಿಸಿದರು, ಮತ್ತೆ ತಿರುಗಿಸಿದರು, ಆದರೂ ಅವರಿಗೆ ಸಮಾಧಾನವಾಗಲಿಲ್ಲ. ಮಾಲೀಕನ ಎದುರು ಆಗದು ಎನ್ನುವ ಧೈರ್ಯವೂ ಅವರಿಗಿರಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

“ಆ ಕಾಗದ ಲಗೂ ಟೈಪ್ ಮಾಡಬ್ಯಾಡವಾ. ಹೊತ್ತು ಮುಳುಗಲಿ.”

ಮೈದಾನದಲ್ಲಿ ದೀಪಗಳಿರಲಿಲ್ಲ, ಕತ್ತಲಾದರೆ ಹಾರುವ ಮಾತೇ ಇಲ್ಲ. ನಾನು ತಲೆಯಾಡಿಸಿದೆ. ಆದರೆ ಮಾಲೀಕ ಬಂದು ಬೆನ್ನ ಹಿಂದೆ ನಿಂತ. ಕೆಲಸ ಹೋದೀತೆಂಬ ಹೆದರಿಕೆಗೆ ನನ್ನ ಬೆರಳುಗಳು ತಾವೇ ಓಡಿದವು. ಕಾಕಾ ಸಹಿ ಹಾಕಿದರು, ನನ್ನ ಮುಖ ನೋಡದೆ ಹೋಗಿ ಪೈಲಟ್‌ನ ಹಿಂದೆ ಹತ್ತಿದರು.

ವಿಮಾನ ಮೇಲೇರಿ ತಿರುಗುವಷ್ಟರಲ್ಲಿ ಎಡಗಡೆಯ ಪಂಖಾ ನಿಂತಿತು. ಆಕಾಶದಲ್ಲಿ ಅದರ ಮೂರು ಅಲಗುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದಾಗಿತ್ತು. ಕೊಂದೆ, ನಾನೇ ಕೊಂದೆ ಅನ್ನಿಸಿತು. ವಿಮಾನ ಓರೆಯಾಗಿ ಇಳಿದು, ಮೈದಾನ ದಾಟಿ ಜೋಳದ ಹೊಲಕ್ಕೆ ನುಗ್ಗಿ ನಿಂತಿತು. ಧೂಳಿನೊಳಗಿಂದ ಇಬ್ಬರೂ ನಡೆದು ಬಂದರು...

ಅದು ಮತ್ತೆ ಹಾರಲಿಲ್ಲ. ಐದನೆಯ ಮಾಲೀಕ ಗುಜರಿಯವನು. ಅವನ ಆಳುಗಳು ವಿಮಾನವನ್ನು ತುಂಡು ಮಾಡಲು ಬಂದ ದಿನ ಕಾಕಾ ಮುಂದೆ ಹೋಗಿ ಬಲಗಡೆಯ ಪಂಖಾವನ್ನು ಎಂದಿನಂತೆ ಕೈಯಿಂದ ತಿರುಗಿಸಿದರು. ಆಮೇಲೆ ಬಂದು ನನ್ನ ಪಕ್ಕ ನಿಂತರು. ತಪ್ಪಾಯಿತೆನ್ನಲು ನಾನು ಬಾಯಿ ತೆರೆದೆ.

“ಇರಲಿ ಬಿಡವಾ. ಅವತ್ತ ಇಬ್ಬರೂ ಅಂಜಿದ್ವಿ” ಎಂದರು.

ಕಾಕಾ ತೀರಿಕೊಂಡು ಎಷ್ಟೋ ವರ್ಷಗಳಾದವು. ಅಂದು ಅವರು ಹಾಗೆಂದ ಮೇಲೆ ನನ್ನ ಕ್ಷಮೆ ಬಾಯಲ್ಲೇ ಉಳಿದಿತ್ತು. ಮೊನ್ನೆ ಮೆಣಸಿನಕಾಯಿ ಅಂಗಡಿಯವರು ಆ ಮೊರ ಕೆಳಗಿಟ್ಟಾಗ ಅದರ ಅಂಚು ಮುಟ್ಟಿ ಮೆಲ್ಲಗೆ ಅಂದೆ, ತಪ್ಪಾಯಿತು ಕಾಕಾ.

ಅಂಗಡಿಯವರು ತಲೆಯೆತ್ತಿ, “ಏನರೀ ಅಕ್ಕಾರ, ತೂಕ ಕಡಿಮಿ ಆತೇನ್ರಿ?” ಎಂದು ಕೇಳಿದರು.