ಯಜಮಾನ್ತಿ ಬರುವ ತನಕ

ನಮ್ಮ ಮಾವನವರ ಬಲಗಿವಿಯ ಮೇಲಂಚಿನಲ್ಲಿ ಒಂದು ತೂತಿತ್ತು, ಕಡಲೆಕಾಳು ತೂರುವಷ್ಟು ದೊಡ್ಡದು. ಪ್ರಾಯದಲ್ಲಿ ಅಲ್ಲೊಂದು ಬಂಗಾರದ ಮುರುವು ಹಾಕುತ್ತಿದ್ದರಂತೆ. ಅತ್ತೆಯವರ ಕಾಯಿಲೆಯ ಕಾಲಕ್ಕೆ ಮುರುವು ಹೋಯಿತು, ತೂತು ಮಾತ್ರ ಮುಚ್ಚಲಿಲ್ಲ. ಯೋಚನೆಗೆ ಬಿದ್ದಾಗಲೆಲ್ಲ ಅವರು ಹೆಬ್ಬೆರಳು ತೋರುಬೆರಳಿನ ನಡುವೆ ಆ ಅಂಚನ್ನು ಹಿಡಿದು ತಿಕ್ಕುತ್ತಾ ಕೂರುತ್ತಿದ್ದರು. ಮದುವೆಯಾಗಿ ಜಗಳೂರಿಗೆ ಬಂದ ಹೊಸದರಲ್ಲಿ, ಪಾಪ ಕಿವಿನೋವು ಇರಬೇಕೆಂದು ನಾನು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿಕೊಟ್ಟೆ. ತಲೆ ವಾಲಿಸಿ ಕಿವಿಗೆ ಬಿಟ್ಟುಕೊಂಡರು. ನೋವೂ ಇರಲಿಲ್ಲ ಮಣ್ಣೂ ಇರಲಿಲ್ಲ ಎಂದು ನನ್ನ ಗಂಡ ನಗುತ್ತಾ ಹೇಳಿದ್ದು ಎಷ್ಟೋ ದಿನದ ಮೇಲೆ. "ಹೊಸಾ ಸೊಸಿ ಪ್ರೀತಿಲೆ ತಂದಾಳೆ, ಬ್ಯಾಡ ಅನ್ನಾಕೆ ಹೆಂಗಾಗುತ್ತೆ?" ಎಂದಿದ್ದರಂತೆ.

ಕುರಿ ಕಾದು ಬಾಳಿದವರು ಅವರು. ಬೇಸಿಗೆ ಬಂದರೆ ಜಗಳೂರಿನ ಕಡೆ ಮೇವು ತೀರುತ್ತದೆ. ಆಗ ಮಂದೆ ಹೊಡೆದುಕೊಂಡು ಚನ್ನಗಿರಿ, ಹೊನ್ನಾಳಿ ಕಡೆಯ ನೀರಾವರಿ ಸೀಮೆಗೆ ಹೋಗುತ್ತಿದ್ದರು. ಕೊಯ್ದ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಗದ್ದೆಯವರಿಗೆ ಗೊಬ್ಬರ, ಕುರಿಯವರಿಗೆ ಕಾಳುಕಡಿ. ಹೊನ್ನಾಳಿ ಹತ್ತಿರದ ನಮ್ಮಪ್ಪನ ಗದ್ದೆಗೂ ಹಾಗೆಯೇ ಬಂದು, ಹೊರಡುವಾಗ ತಮ್ಮ ಮಗನಿಗೆ ನನ್ನನ್ನು ಕೇಳಿದರು. "ಹಿಕ್ಕೆ ಬಿಟ್ಟು ಹೆಣ್ಣು ಹೊಡ್ಕೊಂಡು ಹೋದ ಪುಣ್ಯಾತ್ಮ" ಎಂದು ನಮ್ಮಪ್ಪ ಇರುವ ತನಕ ಬೀಗರನ್ನು ಛೇಡಿಸುತ್ತಿದ್ದ.

ನನ್ನ ಮಗಳು ಹುಟ್ಟುವ ಹೊತ್ತಿಗೆ ಅವರ ಮೊಣಕಾಲು ಸೋತಿತ್ತು. ಕುರಿಗಳನ್ನೆಲ್ಲ ಮಾರಿಯಾಗಿತ್ತು. ನನ್ನ ಗಂಡ ಬಸ್ ಕಂಡಕ್ಟರ್, ಅವನಿಗೆ ಆ ಕಸುಬು ಬೇಕಿರಲಿಲ್ಲ. ಆದರೂ ಮಾವ ಬೆಳಗಾದರೆ ಕಂಬಳಿ ಹೆಗಲಿಗೇರಿಸಿ, ಕೋಲು ಹಿಡಿದು, ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಕೂರುತ್ತಿದ್ದರು. ಕಾಯಲು ಏನೂ ಇಲ್ಲದ ಹಿತ್ತಲದು. ಬೇಲಿಯ ಆಚೆ ಮೆಕ್ಕೆಜೋಳದ ಹೊಲ, ಅದರಾಚೆ ಬಯಲು.

ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನ್ನ ತಮ್ಮ ಹೊನ್ನಾಳಿಯಿಂದ ಒಂದು ಮೊಲ ತಂದುಕೊಟ್ಟ. ಕೆಂಪು ಕಣ್ಣಿನ ಬಿಳಿ ಮೊಲ. ಪಂಚಮಿ ಹಬ್ಬಕ್ಕೆ ಹುರಿಯುವ ಜೋಳದ ಅಳ್ಳಿನ ಹಾಗಿದೆ ಎಂದು ಮಗಳು ಅದನ್ನು ಅಳ್ಳು ಎಂದೇ ಕರೆದಳು. ಮಾವ ಅದನ್ನು ಎತ್ತಿ, ಹಲ್ಲು ನೋಡಿ, ಬೆನ್ನಿನ ಮೇಲೆ ಕೈಯಾಡಿಸಿ, ಕುರಿಸಂತೆಯಲ್ಲಿ ಮುಖ ಗಂಟಿಕ್ಕುವ ಹಾಗೆ ಗಂಟಿಕ್ಕಿದರು.

"ಹಾಲಿಲ್ಲ, ಉಣ್ಣೆ ಇಲ್ಲ, ಹಿಕ್ಕೆ ನೋಡಿದ್ರೆ ಮೆಣಸಿನಕಾಳು. ಏನ್ ಮಾಡಾಕೆ ತಂದ್ರಿದನ್ನ?"

"ಸಾಕಾಕೆ ಅಜ್ಜ" ಎಂದಳು ಮಗಳು. "ನಾನು ಸ್ಕೂಲಿಗೆ ಹೋದಾಗ ನೀನು ಕಾಯ್ಬೇಕು."

"ಕೂಲಿ?"

"ದಿನಾ ಒಂದು ಪೆಪ್ಪರ್‌ಮೆಂಟ್."

ಮಾವ ಕಿವಿಯ ಅಂಚು ತಿಕ್ಕಿ ಯೋಚಿಸಿದಂತೆ ಮಾಡಿ, "ಆತು ಯಜಮಾನ್ತಿ" ಎಂದರು. ಅವತ್ತಿನಿಂದ ಮಗಳ ಹೆಸರು ಅದೇ ಆಯಿತು. ಸ್ಕೂಲ್ ವ್ಯಾನ್ ಹತ್ತುವ ಮುಂಚೆ ಅವಳು ಪೆಪ್ಪರ್‌ಮೆಂಟ್ ಅವರ ಅಂಗೈಗೆ ಇಡುತ್ತಿದ್ದಳು. ಹಲ್ಲಿಲ್ಲದ ಬಾಯಿ, ಮಧ್ಯಾಹ್ನದ ತನಕ ಅದನ್ನೇ ಚೀಪುತ್ತಿದ್ದರು. ಸಂಜೆ ವ್ಯಾನ್ ಇಳಿದ ಕೂಡಲೇ ವರದಿ ಒಪ್ಪಿಸಬೇಕು: ಏನು ತಿಂತು, ಎಲ್ಲಿ ಮಲಗಿತು, ಯಾಕೆ ಸೀನಿತು. ಒಂದು ದಿನವೂ ತಪ್ಪಿಸಿದವರಲ್ಲ.

ನನ್ನ ಗಂಡ ದಾವಣಗೆರೆಯಿಂದ ತಂತಿಯ ಗೂಡೊಂದನ್ನು ತಂದಿದ್ದ, ಕಾಲುಗಳ ಮೇಲೆ ನಿಲ್ಲುವಂಥದ್ದು. ಮಾವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ರಾತ್ರಿ ಮಲಗಲು ಸರಿ, ಹಗಲೆಲ್ಲ ಅದರೊಳಗೆ ಇಟ್ಟರೆ ಪಾಪ ಬರುತ್ತದೆ ಎನ್ನುತ್ತಿದ್ದರು. "ನೆಲ ತುಳೀದ ಮರಿ ಹೆಂಗೆ ಬಲಿತೈತೆ?" ಅಟ್ಟದಿಂದ ಹಳೆಯ ಬಿದಿರಿನ ಬುಟ್ಟಿ ಇಳಿಸಿದರು. ಕುರಿ ದೊಡ್ಡಿಯಲ್ಲಿ ಎಳೆಯ ಮರಿಗಳ ಮೇಲೆ ಬೋರಲು ಹಾಕುವ ದೊಡ್ಡ ಬುಟ್ಟಿ ಅದು. ಹುಲ್ಲಿದ್ದ ಕಡೆ ಮೊಲವನ್ನು ಬಿಟ್ಟು, ಬುಟ್ಟಿ ಮುಚ್ಚಿ, ಮೇಲೊಂದು ಕಲ್ಲು ಹೇರುತ್ತಿದ್ದರು. ಹುಲ್ಲು ಮುಗಿದರೆ ಪಕ್ಕಕ್ಕೆ. ಗದ್ದೆಯಿಂದ ಗದ್ದೆಗೆ ಮಂದೆ ಬದಲಾಯಿಸಿದ ಗತ್ತಿನಲ್ಲೇ ಆ ಒಂದು ಮೊಲವನ್ನು ಹಿತ್ತಲ ತುಂಬ ಮೇಯಿಸಿದರು. ಬುಟ್ಟಿ ಮುಚ್ಚಿ ತಾವು ಅದರ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಮಗಳು ಒಮ್ಮೆ ಆಕ್ಷೇಪಣೆ ಎತ್ತಿದಳು.

"ಅಜ್ಜ, ನೀನು ಅದನ್ನ ನೋಡ್ತಾನೇ ಇಲ್ಲ."

"ಕುರಿ ಕಾಯೋನು ಕುರಿ ಮುಖ ನೋಡ್ಕೊಂಡು ಕೂರಬಾರ್ದವ್ವ. ಬಯಲು ನೋಡ್ಬೇಕು. ತೋಳ ಬರೋದು ಬಯಲಿಂದ."

ತೋಳನ ಮಾತು ಬಂದರೆ ಅವರಿಗೆ ಒಂದು ಕಥೆ ನೆನಪಾಗುತ್ತಿತ್ತು. ಹರೆಯದಲ್ಲಿ ಅವರಿವರ ಕುರಿಗಳನ್ನು ಕೂಲಿಗೆ ಕಾಯುತ್ತಿದ್ದಾಗ, ಉಬ್ರಾಣಿ ಕಡೆ ಗುಡ್ಡದ ಬುಡದಲ್ಲಿ ಒಂದು ಗಬ್ಬದ ಕುರಿಯನ್ನು ತೋಳ ಹಿಡಿದಿತ್ತಂತೆ. ಕೂಲಿ ಕಾಯುವವರಲ್ಲಿ ಒಂದು ಕಟ್ಟಳೆ ಇತ್ತು. ಕುರಿ ಸತ್ತರೆ ಗುರುತಿರುವ ಅದರ ಕಿವಿಯನ್ನು ಕೊಯ್ದು ತಂದು ಯಜಮಾನನಿಗೆ ತೋರಿಸಬೇಕು. ಕಿವಿ ತರದಿದ್ದರೆ ಮಾರಿಕೊಂಡ ಎಂದೇ ಲೆಕ್ಕ. ಇವರು ಕಿವಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮಂದೆಯನ್ನು ಜೊತೆಯವನಿಗೆ ಒಪ್ಪಿಸಿ, ನಡೆದೇ ಜಗಳೂರಿಗೆ ಬಂದರಂತೆ. "ಯಜಮಾನ ಕಿವಿ ನೋಡ್ದ. ಬಾಯಿಗೆ ಬಂದಂಗೆ ಬೈದ. ಆಮೇಲೆ ಒಳಗೆ ಕರ್ದು ರೊಟ್ಟಿ ಹಾಕ್ಸಿದ. ಬೈಯೋದು ಅವನ ಹಕ್ಕು, ಹೇಳೋದು ನನ್ನ ಕೆಲ್ಸ." ಮಗಳಿಗೆ ಈ ಕಥೆಯಲ್ಲಿ ರೊಟ್ಟಿಯ ಭಾಗ ಬಹಳ ಇಷ್ಟವಾಗಿತ್ತು.

ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದಿತ್ತು. ಹಿಂದಿನ ದಿನವೆಲ್ಲ ಸುರಿದು, ಅವತ್ತು ಬಿಸಿಲು ಬಿದ್ದಿತ್ತು. ನಾನು ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದೆ. ಕೆಳಗೆ ಮಾವ ಎಂದಿನಂತೆ ಬುಟ್ಟಿಗೆ ಬೆನ್ನು ಹಾಕಿ, ಮೆಕ್ಕೆಜೋಳದ ಹೊಲದ ಕಡೆ ಮುಖ ಮಾಡಿ ಕೂತಿದ್ದರು. ಬುಟ್ಟಿಯ ಮೇಲೆ ಕಲ್ಲು ಅಲ್ಲಾಡದೆ ಕೂತಿತ್ತು.

ಇದ್ದಕ್ಕಿದ್ದಂತೆ ಮನೆಯ ಮಗ್ಗುಲ ಓಣಿಯಲ್ಲಿ ನಾಯಿಗಳು ಕಚ್ಚಾಡುವ ಸದ್ದು ಕೇಳಿತು. ಮಾವ ಎದ್ದು, ತಿರುಗಿ ಬುಟ್ಟಿಯನ್ನು ನೋಡಿದರು. ಅದರ ಹಿಂಬದಿಯಲ್ಲಿ ಹಸಿಮಣ್ಣಿನ ಪುಟ್ಟ ಗುಪ್ಪೆ. ಕುರಿಮರಿ ನೆಲ ತೋಡುವುದಿಲ್ಲ, ಮೊಲ ತೋಡುತ್ತದೆ. ಜೀವಮಾನವೆಲ್ಲ ಮರಿಗಳಿಗೆ ಬುಟ್ಟಿ ಮುಚ್ಚಿದ ಮನುಷ್ಯನಿಗೆ ಆ ಯೋಚನೆಯೇ ಬಂದಿರಲಿಲ್ಲ. ಕೋಲು ಎತ್ತಿಕೊಂಡು, ನಡೆಯಲೂ ಕುಂಟುತ್ತಿದ್ದವರು ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವರು ಹಿಂದಿರುಗುತ್ತಿದ್ದರು. ಪಂಚೆ ಹರಿದಿತ್ತು. ಎದೆಗೆ ಅವುಚಿಕೊಂಡ ಕಂಬಳಿಯೊಳಗೆ ಮೊಲ ಇನ್ನೂ ಉಸಿರಾಡುತ್ತಿತ್ತು. ಚಪ್ಪಡಿಯ ಮೇಲೆ ಕೂತು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಹತ್ತಿಯಲ್ಲಿ ನೀರು ಅದ್ದಿ ಬಾಯಿಗೆ ಹಿಡಿದೆ. ಕುಡಿಯಲಿಲ್ಲ. ಹಿಂಗಾಲು ಎರಡು ಸಲ ಜಾಡಿಸಿತು, ಆಮೇಲೆ ಸುಮ್ಮನಾಯಿತು. ಮಾವ ಕಂಬಳಿಯ ತುದಿಯನ್ನು ಅದರ ಮುಖದ ಮೇಲೆ ಎಳೆದರು.

"ಬಯಲು ನೋಡ್ತಾ ಕೂತ್ನಲ್ಲವ್ವ" ಎಂದರು.

ನನಗೆ ದುಃಖಕ್ಕಿಂತ ಮೊದಲು ಮಗಳ ಚಿಂತೆ ಬಂತು. ವ್ಯಾನ್ ಬರಲು ಇನ್ನೂ ಹೊತ್ತಿತ್ತು. ಅಷ್ಟರೊಳಗೆ ಬೇಲಿಯ ಬುಡದಲ್ಲಿ ಹೂತುಬಿಡೋಣ, ಮೊಲ ಗುಡ್ಡಕ್ಕೆ ಓಡಿಹೋಯಿತು ಎನ್ನೋಣ, ತಮ್ಮನಿಗೆ ಫೋನ್ ಮಾಡಿದರೆ ನಾಳೆಯೇ ಇನ್ನೊಂದು ತಂದುಕೊಡುತ್ತಾನೆ ಎಂದೆ. ಬಿಳಿ ಮೊಲಗಳೆಲ್ಲ ಒಂದೇ ಥರ ಅಲ್ಲವೇ ಎಂದೂ ಅಂದೆ. ಮಾವ ಕಿವಿಯ ಅಂಚು ಹಿಡಿದು ಕೂತಿದ್ದರು. ಗುದ್ದಲಿ ತರಲು ಎದ್ದವಳನ್ನು ತಡೆದರು.

"ಯಜಮಾನ್ತಿ ಬರೋತನಕ ಮಣ್ಣು ಮುಚ್ಚಬಾರ್ದು."

"ಮಾವ, ಅದು ಮಗು. ಇದನ್ನ ನೋಡಿ ಹೆಂಗೆ ತಡ್ಕೊಳ್ತೈತೆ?"

"ಮಗು ಆದ್ರೇನವ್ವ? ಕೂಲಿ ಕೊಟ್ಟೈತೆ. ನಾನು ಇಸ್ಕೊಂಡೀನಿ."

ಸಿಟ್ಟು ನೆತ್ತಿಗೇರಿತು. ಕುರಿ ಕಾಯುವವರ ಕಟ್ಟಳೆಯನ್ನು ಮಗುವಿನ ಮೇಲೆ ಹೇರುತ್ತಾರಲ್ಲ, ಇಂಥ ಕಲ್ಲು ಮನಸ್ಸೇ ಎಂದುಕೊಂಡು ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಅವರು ಊಟಕ್ಕೂ ಬರಲಿಲ್ಲ. ಕಿಟಕಿಯಿಂದ ನೋಡಿದರೆ, ಮೊಲದ ಮೈಮೇಲಿನ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಗಾಯ ಕಾಣದ ಹಾಗೆ ಕಂಬಳಿ ಮಡಚಿದರು. ಕಿವಿಗಳನ್ನು ಹಿಂದಕ್ಕೆ ಸವರಿ, ಅದು ಮಲಗುತ್ತಿದ್ದ ರೀತಿಯಲ್ಲೇ ಇಟ್ಟರು.

ವ್ಯಾನ್ ಬಂತು. ಮಗಳು ಎಂದಿನಂತೆ ಹಿತ್ತಲಿಗೆ ಓಡಿದಳು. ಮಾವ ಚಪ್ಪಡಿಯಿಂದ ಎದ್ದು ನಿಂತರು. ಮೊಮ್ಮಗಳ ಮುಂದೆ ಅವರು ಹಾಗೆ ಎದ್ದು ನಿಂತವರೇ ಅಲ್ಲ.

"ನಾನು ಕಾಯ್ತೀನಿ ಅಂದಿದ್ದೆ. ಆಗಲಿಲ್ಲವ್ವ. ತೋಡ್ಕೊಂಡು ಆಚೆ ಹೋತು, ನಾಯಿ ಹಿಡೀತು. ತಪ್ಪು ನಂದು. ನೋಡು."

ಕಂಬಳಿಯ ತುದಿ ಸರಿಸಿದರು. ಮಗಳು ಅಳಲಿಲ್ಲ, ಮೊದಲಿಗೆ. ಮೊಲದ ಕಿವಿಯನ್ನು ಮುಟ್ಟಿದಳು. ಬುಡದಿಂದ ತುದಿಯ ತನಕ ಸವರಿದಳು.

"ನೋವಾಯ್ತಾ ಅದಕ್ಕೆ?"

ಇಲ್ಲ ಅನ್ನಿ ಮಾವ ಎಂದು ನಾನು ಅವರ ಬೆನ್ನ ಹಿಂದೆ ನಿಂತು ಮನಸ್ಸಿನಲ್ಲೇ ಬೇಡಿಕೊಂಡೆ.

"ಆತವ್ವ" ಎಂದರು. "ಸ್ವಲ್ಪ ಹೊತ್ತು. ಆಮೇಲೆ ಇಲ್ಲ. ಆಗ ನನ್ನ ತೊಡೆ ಮ್ಯಾಲಿತ್ತು."

ಆಮೇಲೆ ಅತ್ತಳು, ಓಣಿಯವರೆಲ್ಲ ಬೇಲಿಗೆ ಬಂದು ನಿಲ್ಲುವ ಹಾಗೆ. "ನೀನು ಸುಳ್ಳ, ಕಾಯ್ತೀನಿ ಅಂದು ಕಾಯ್ಲಿಲ್ಲ" ಎಂದು ಅವರ ಎದೆಗೆ ಗುದ್ದಿದಳು. ಅವರು ಕೈ ಅಡ್ಡ ಇಡದೆ ನಿಂತಿದ್ದರು. ಇಬ್ಬರೂ ಸೇರಿ ಹೂತರು. ಮಾವ ಗುಂಡಿ ತೋಡಿದರು, ಅವಳು ಮಣ್ಣು ಹಾಕಿದಳು. ನಾಯಿ ಕೆದಕಬಾರದೆಂದು ಮೇಲೆ ಬುಟ್ಟಿಯ ಕಲ್ಲನ್ನೇ ಇಟ್ಟರು.

ಅವಳು ಅಜ್ಜನ ಹತ್ತಿರ ಬಹಳ ದಿನ ಮಾತು ಬಿಟ್ಟಳು. ಅವರು ಅವಳನ್ನು ರಮಿಸಲೂ ಹೋಗಲಿಲ್ಲ. ದಿನಾ ಸಂಜೆ ವ್ಯಾನ್ ಬರುವ ಹೊತ್ತಿಗೆ ಬಾಗಿಲಲ್ಲಿ ಕೂರುತ್ತಿದ್ದರು, ಅವಳು ಪಕ್ಕದಲ್ಲೇ ದಾಟಿಹೋಗುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ. ಒಂದು ಬೆಳಗ್ಗೆ ಶೂ ಹಾಕಿಕೊಂಡವಳು ತಿರುಗಿ ಬಂದು ಅವರ ಅಂಗೈಗೆ ಪೆಪ್ಪರ್‌ಮೆಂಟ್ ಇಟ್ಟಳು.

"ಕಾಯಾಕೆ ಏನೂ ಇಲ್ವಲ್ಲವ್ವ."

"ಸಂಜೆ ನಾನು ಬರೋತನಕ ನನ್ನ ಕಾಯಿ" ಎಂದು ವ್ಯಾನ್ ಹತ್ತಿದಳು. ಅವತ್ತು ಮಾವ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಇನ್ನೊಂದು ಮೊಲದ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೈಸ್ಕೂಲಿಗೆ ಅವಳನ್ನು ಚನ್ನಗಿರಿಯ ಹಾಸ್ಟೆಲಿಗೆ ಸೇರಿಸಿದೆವು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮ, ಅಜ್ಜನ್ನ ನೋಡ್ಕೋ" ಎಂದಳು. "ನೋಡ್ಕೋತೀನಿ ಹೋಗು" ಎಂದೆ.

ಮಾವ ಹೋದದ್ದು ಹೋದ ವರ್ಷ, ಒಂದು ಬೆಳಗ್ಗೆ. ಎದೆ ಹಿಡಿದುಕೊಂಡು ಚಪ್ಪಡಿಯ ಮೇಲೆ ವಾಲಿದವರನ್ನು ನಾನು ಓಡಿಬಂದು ಹಿಡಿದುಕೊಂಡೆ. ಆಟೋ ಬರುವಷ್ಟು ಸಮಯ ಸಿಗಲಿಲ್ಲ. ಮಗಳಿಗೆ ಪರೀಕ್ಷೆ ನಡೆಯುತ್ತಿತ್ತು. ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದ ನನ್ನ ಗಂಡ. ಮಣ್ಣಿಗೆ ಹೊತ್ತಾಗುತ್ತದೆ, ಬಿಸಿಲು ಬೇರೆ ಎಂದರು ಹಿರಿಯರು. ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದರು. ಅವರು ಹೇಳುತ್ತಿದ್ದದ್ದು ಹಿಂದೊಮ್ಮೆ ನಾನು ಹಿತ್ತಲಲ್ಲಿ ಹೇಳಿದ ಮಾತೇ.

"ಯಜಮಾನ್ತಿ ಬರೋತನಕ ಮುಚ್ಚಬಾರ್ದು" ಎಂದೆ. ನೆಂಟರಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಹೆಣ ಇಟ್ಟುಕೊಂಡು ಸೊಸೆ ಹೊಸ್ತಿಲು ದಾಟುವುದೇ ಎಂದು ಯಾರೋ ಅಂದರು. ನನ್ನ ಗಂಡ ಮಾತ್ರ ನನ್ನ ಮುಖ ನೋಡಿ, ಪಕ್ಕದ ಮನೆಯವರ ಕಾರು ಕೇಳಿಕೊಂಡು ಬಂದ.

ಹಾಸ್ಟೆಲಿನ ಜಗಲಿಗೆ ಮಗಳು ಪೆನ್ನು ಹಿಡಿದುಕೊಂಡೇ ಬಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಮಾವನ ಮಾತಷ್ಟೇ ಬಾಯಿಗೆ ಬಂತು.

"ನೋಡ್ಕೋತೀನಿ ಅಂದಿದ್ದೆ. ಆಗಲಿಲ್ಲ ಮಗಳೇ."

ಜಗಳೂರು ಮುಟ್ಟುವ ತನಕ ಅವಳು ನನ್ನ ಕೈ ಬಿಡಲಿಲ್ಲ. ಮನೆಯ ಮುಂದೆ ಜನ ದಾರಿ ಬಿಟ್ಟರು. ಒಳಗೆ ಹೋಗಿ ಮಂಡಿಯೂರಿ, ಕಂಬಳಿಯ ತುದಿಯನ್ನು ತಾನೇ ಸರಿಸಿದಳು. ಬಲಗಿವಿಯನ್ನು ಮುಟ್ಟಿದಳು. ತೂತಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿಕ್ಕಿದಳು.

"ನೋವಾಯ್ತಾ ಅಜ್ಜಗೆ?"

"ಇಲ್ಲವ್ವ, ಮಲಗಿದಂಗೇ ಹೋದ್ರು" ಎಂದರು ಪಕ್ಕದಲ್ಲಿದ್ದ ಯಾರೋ ಹೆಂಗಸು. ಮಗಳು ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಆಯ್ತು" ಎಂದೆ. "ಸ್ವಲ್ಪ ಹೊತ್ತು. ಆಮೇಲೆ ಇಲ್ಲ. ಆಗ ನನ್ನ ತೊಡೆ ಮೇಲಿದ್ರು."

ಅವಳು ತಲೆಯಾಡಿಸಿ, ಕಂಬಳಿಯ ತುದಿಯನ್ನು ಅಜ್ಜನ ಮುಖದ ಮೇಲೆ ಎಳೆದಳು.