ಜೆರುಸಲೇಮಿನ ಟವೆಲ್

ಪೇಪರಿನ ತುಂಬ ಇರಾನ್-ಅಮೆರಿಕ ಜಗಳವೇ ಇದ್ದ ಕಾಲ. ನಮ್ಮ ಹೈಸ್ಕೂಲಿನ ಚರಿತ್ರೆ ಮೇಷ್ಟ್ರು ಯಾವ ಜಗಳ ಕಂಡರೂ ಬೆರಳೆತ್ತಿ, "ಮೂಲಕ್ಕೆ ಹೋಗ್ಬೇಕು ಕಣ್ರೋ" ಅನ್ನುತ್ತಿದ್ದರು.

ಒಮ್ಮೆ ಅವರೂ ನಾನೂ ಅಜ್ಜಂಪುರದಲ್ಲಿ ತರೀಕೆರೆ ಬಸ್ಸು ಹತ್ತಿ ಕೂತಿದ್ದೆವು. ಮುಂದೆ ಇಬ್ಬರು ಒಂದು ಸೀಟಿಗೆ ಕಿತ್ತಾಡುತ್ತಿದ್ದರು. ಒಬ್ಬ ಕಿಟಕಿಯಿಂದ ಟವೆಲ್ ಹಾಕಿದ್ದ, ಇನ್ನೊಬ್ಬ ಅದರ ಮೇಲೇ ಕೂತಿದ್ದ. ಮೇಷ್ಟ್ರು ತಡೆಯಲಾರದೆ ಎದ್ದು ಹೋದರು.

"ಒಂಬೈನೂರು ವರ್ಷದ ಹಿಂದೆ ಜೆರುಸಲೇಮಲ್ಲೂ ಹಿಂಗೇ ಆಗಿದ್ದು ಕಣ್ರಯ್ಯಾ. ಅರಬರು ಕೂತಿದ್ರು. ಯುರೋಪಿನೋರು ಬಂದು, ನಮ್ಮ ಟವೆಲ್ ಮೊದ್ಲೇ ಇತ್ತು ಅಂದ್ರು. ನೂರಾರು ವರ್ಷ ಹೊಡೆದಾಡಿದ್ರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ!"

ಪಾಠ ಕೇಳಿ ಸುಸ್ತಾದ ಇಬ್ಬರೂ ಅದೇ ಸೀಟಿನಲ್ಲಿ ಒತ್ತರಿಸಿಕೊಂಡು ಕೂತರು. ಮೇಷ್ಟ್ರು ಗೆದ್ದವರಂತೆ ತಿರುಗಿದರೆ, ಅವರ ಸೀಟಿನಲ್ಲಿ ಕುರಿಮರಿ ತಬ್ಬಿಕೊಂಡ ಒಬ್ಬ ಅಜ್ಜಿ.

"ಅದು ನನ್ನ ಸೀಟು ಕಣಮ್ಮಾ!"

ಅಜ್ಜಿ ಅಲುಗಾಡಲಿಲ್ಲ. "ಎಲ್ಲಿ, ನಿನ್ ಟವೆಲ್ ತೋರ್ಸಪ್ಪಾ?"