ಕೊಟ್ರಮ್ಮನ ಹಿಂಬಾಗಿಲ ದೀಪ

ಸತ್ತ ವಯರು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಲಸಕ್ಕೆ ಬಾರದ ವಯರನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಇರಲಿ ಬಿಡು ಎಂದು ಒಳಗೇ ತುರುಕುವವರನ್ನು ಕಂಡರೆ ಇನ್ನೂ ಸಿಟ್ಟು. ಹರಪನಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದೇನೆ. ಗಾದಿಲಿಂಗನ ಕೈ ಸ್ವಚ್ಛ, ಬಾಯಿ ಮಾತ್ರ ಸ್ವಲ್ಪ ಜೋರು ಅಂತ ಜನ ಹೇಳುತ್ತಾರೆ. ಎರಡೂ ನಿಜ.

ಹೋದ ವರ್ಷ ಚನ್ನಬಸವ ಹಳೆಯ ಹಳದಿ ಬಸ್ಸೊಂದನ್ನು ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದ. ಖಾಸಗಿ ಶಾಲೆಯೊಂದು ಓಡಿಸಿ ಮಾರಿದ ಬಸ್ಸು. ಅದನ್ನು ಮಿರ್ಚಿ ಮಂಡಕ್ಕಿ ಕ್ಯಾಂಟೀನು ಮಾಡಿ ಕೊಟ್ಟೂರು ರಸ್ತೆ ಪಕ್ಕ ನಿಲ್ಲಿಸುವ ಲೆಕ್ಕ ಅವನದು. ಸೀಟು ಕಿತ್ತಾಗಿತ್ತು, ಒಲೆಗೆ ಕಟ್ಟೆ ಕೂಡಿಸಿಯಾಗಿತ್ತು, ಎರಡು ಕಿಟಕಿ ಸೇರಿಸಿ ಒಂದು ದೊಡ್ಡ ಕಿಂಡಿ ಮಾಡಿಯಾಗಿತ್ತು. ವೈರಿಂಗ್ ಮಾತ್ರ ಬಾಕಿ. ಜೊತೆಗೆ ಅವನ ಅಕ್ಕ ಕೊಟ್ರಮ್ಮ ಬಂದಿದ್ದಳು. ತೆಲಿಗಿ ಕಡೆಯ ಮಕ್ಕಳನ್ನು ಕರೆತರುತ್ತಿದ್ದ ಇದೇ ಬಸ್ಸಿನಲ್ಲಿ ಹದಿನಾಲ್ಕು ವರ್ಷ ಆಯಾ ಆಗಿದ್ದವಳು.

ಕೊಟ್ರಮ್ಮನಿಗೆ ಕಿವಿ ಕೇಳುವುದಿಲ್ಲ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಬೆನ್ನು ತಿರುಗಿಸಿದಳೆಂದರೆ ಸಿಡಿಲು ಬಡಿದರೂ ಗೊತ್ತಾಗದು. ಗಿರಾಕಿ ಕೂಗಿದ್ದು ಅಕ್ಕನಿಗೆ ಕೇಳುವುದಿಲ್ಲವಾದ್ದರಿಂದ ಕಿಂಡಿಯಲ್ಲಿ ತನ್ನ ಹೆಂಡತಿಯ ತಮ್ಮ ಅಮರೇಶ ನಿಲ್ಲುತ್ತಾನೆ, ಅಕ್ಕ ಹಿಂದೆ ಕೂತು ಮೆಣಸಿನಕಾಯಿ ಸೀಳಿಕೊಡಲಿ ಎಂದ ಚನ್ನಬಸವ. ಇದನ್ನು ಆಕೆಯ ಪಕ್ಕದಲ್ಲೇ ನಿಂತು, ಮುಖ ಮಾತ್ರ ನನ್ನ ಕಡೆ ಮಾಡಿ ಹೇಳಿದ. ಕೆಟ್ಟವನೇನಲ್ಲ. ಅಕ್ಕನಿಗೆ ಎದುರು ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ.

ಅವನು ಹೋದ ಮೇಲೆ ಕೆಲಸ ಶುರು ಮಾಡಿದೆ. ಬಸ್ಸಿನ ತಲೆಯ ಮೇಲೆ ಮಿಣುಕುವ ನಾಲ್ಕು ದೀಪ, ಹಿಂದಿನ ಎಮರ್ಜೆನ್ಸಿ ಬಾಗಿಲು ಸಡಿಲವಾದರೆ ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ದೀಪ, ಅದಕ್ಕೊಂದು ಬಜರ್. ಕ್ಯಾಂಟೀನಿಗೆ ಇವೆಲ್ಲ ಯಾಕೆ? ಸಂಜೆಯೊಳಗೆ ಎಲ್ಲ ಕಿತ್ತು ಬಿಸಾಡುತ್ತೇನೆ ಎಂದು ಕಟ್ಟಿಂಗ್ ಪ್ಲೇಯರ್ ಎತ್ತಿಕೊಂಡೆ. ಆ ಬಾಗಿಲ ಪುಟ್ಟ ಕೆಂಪು ದೀಪಕ್ಕೆ ಕೈ ಹಾಕುವಷ್ಟರಲ್ಲಿ ಕೊಟ್ರಮ್ಮ ಅದರ ಮೇಲೆ ಅಂಗೈ ಮುಚ್ಚಿದಳು.

ಇದೊಂದು ಬಿಡ್ರಿ ಎಂದಳು. ಬಾಗಿಲ ದೀಪ ಇಟ್ಟುಕೊಂಡು ಮಿರ್ಚಿ ಕರಿಯುತ್ತೀಯೇನಕ್ಕ ಎಂದು ನಾನು ನಕ್ಕೆ. ಆಕೆ ನಗಲಿಲ್ಲ. ಬಾನೆಟ್ ಪಕ್ಕದ ಸೀಟಿನಲ್ಲಿ ಕೂತೂ ಕೂತೂ, ಎಂಜಿನ್ ಸದ್ದಿಗೆ, ಎಂಟನೇ ವರ್ಷಕ್ಕೇ ತನಗೆ ಬಜರ್ ಕೇಳುವುದು ನಿಂತುಹೋಗಿತ್ತು, ಉಳಿದ ಆರು ವರ್ಷ ಈ ದೀಪ ನೋಡಿಕೊಂಡೇ ನಡೆಸಿದ್ದು, ಶಾಲೆಯವರಿಗೆ ಹೇಳಲಿಲ್ಲ, ಹೇಳಿದ್ದರೆ ಮರುದಿನವೇ ಮನೆಗೆ ಕಳಿಸುತ್ತಿದ್ದರು ಎಂದಳು.

ನನಗೆ ಮೈ ಉರಿಯಿತು. ಮಕ್ಕಳ ಜೀವದ ಜೊತೆ ಆಟ ಆಡಿದೆಯಲ್ಲ ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಎಲ್ಲವನ್ನೂ ನನ್ನ ತುಟಿಯ ಮೇಲೆ ಓದಿ ಮುಗಿಸಿದ ಮೇಲೆ ಕೊಟ್ರಮ್ಮ ನಿಧಾನಕ್ಕೆ ಹೇಳಿದಳು.

"ಕಿವಿ ಕೇಳೋರು ಬಜರ್ ಬಡಿದಾಗ ಅಷ್ಟ ತಿರುಗಿ ನೋಡ್ತಾರ. ನಾನು ದೀಪದ ಮ್ಯಾಗಿನ ಕಣ್ಣು ತಗೀಲೇ ಇಲ್ಲ. ಒಂದು ಕೂಸೂ ಬಿದ್ದಿಲ್ಲ. ಬೇಕಾದ್ರ ಯಾರನ್ನರ ಕೇಳಿ ನೋಡ್ರಿ."

ಆಮೇಲೆ ತನ್ನ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಅದೇ ದೀಪದ ಇನ್ನೊಂದು ಬಲ್ಬು ಇತ್ತು. ದಿನಾ ಬೆಳಗ್ಗೆ ಮೊದಲ ಮಗು ಹತ್ತುವ ಮೊದಲು ಹಿಂಬಾಗಿಲು ತೆರೆದು, ಮುಂದೆ ಓಡಿಬಂದು, ದೀಪ ಹತ್ತಿದೆಯೋ ಇಲ್ಲವೋ ನೋಡುತ್ತಿದ್ದಳಂತೆ. ಹೇಳದೆ ಮುಚ್ಚಿಟ್ಟದ್ದು ತಪ್ಪೇ, ಅದನ್ನು ಈಗಲೂ ಹೇಳುತ್ತೇನೆ. ಆದರೆ ದೀಪವೇ ನನ್ನ ಕಸುಬು, ನಾನು ಯಾವತ್ತೂ ಅಷ್ಟು ಶ್ರದ್ಧೆಯಿಂದ ಒಂದು ಬಲ್ಬು ನೋಡಿದವನಲ್ಲ. ನನಗೆ ನಾಚಿಕೆಯಾಯಿತು.

ಕ್ಯಾಂಟೀನು ತಾನೊಬ್ಬಳೇ ನಡೆಸಬೇಕೆಂದು ಆಕೆಗೆ ಆಸೆ. ಬಸ್ಸು ನಿಂತ ಮೇಲೆ ತಮ್ಮನ ಮನೆಯಲ್ಲಿ ಕೂತು ಉಂಡದ್ದು ಗಂಟಲಲ್ಲಿ ಇಳಿಯುತ್ತಿಲ್ಲ ಎಂದಳು. ನಾನು ದೀಪವನ್ನು ಒಲೆಯ ಮೇಲಕ್ಕೆ, ಆಕೆಯ ಕಣ್ಣ ನೇರಕ್ಕೆ ತಂದೆ. ಹಿಂಬಾಗಿಲ ವಯರನ್ನು ಕಿಂಡಿಗೆ ಎಳೆದು ಒತ್ತುವ ಗುಂಡಿ ಕೂಡಿಸಿದೆ. ಗಿರಾಕಿ ಒತ್ತಿದರೆ ದೀಪ ಹತ್ತುತ್ತದೆ, ಅಕ್ಕ ತಿರುಗುತ್ತಾಳೆ. ಒಂದು ಸಂಜೆ ನೋಡೋಣ ಎಂದು ಚನ್ನಬಸವನನ್ನು ಒಪ್ಪಿಸಿದ್ದೂ ನಾನೇ.

ಆ ಸಂಜೆ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಒಬ್ಬನೂ ಗುಂಡಿ ಒತ್ತಲಿಲ್ಲ. ನಮ್ಮ ಕಡೆ ಯಾರು ಗುಂಡಿ ಒತ್ತಿ ಯಾರನ್ನು ಕರೆದಿದ್ದಾರೆ? ಅಕ್ಕಾ ಒಂದು ಪ್ಲೇಟು ಎಂದು ಕೂಗಿದರು. ತಿರುಗದಿದ್ದಾಗ, ಬಸ್ಸು ಕಂಡರೆ ಮಾಡುವ ಹಾಗೆ, ಬಸ್ಸಿನ ಮೈಗೆ ದಬದಬ ಬಡಿದರು. ಒಬ್ಬ ಅಭ್ಯಾಸಬಲದಿಂದ ಎರಡು ಬಡಿದು ರೈಟ್ ರೈಟ್ ಎಂದೂ ಅಂದ. ಕೊಟ್ರಮ್ಮ ಹತ್ತದ ದೀಪವನ್ನೇ ನೋಡುತ್ತ ನಿಂತಿದ್ದಳು. ಮೂರು ಮಂದಿ ಬೈದುಕೊಂಡು ಹೋದರು. ಚನ್ನಬಸವ ನಾಳೆಯಿಂದ ಬಾ ಎಂದು ಅಮರೇಶನಿಗೆ ಫೋನು ಮಾಡಿ ಹೇಳಿದ.

ಜನ ದಡ್ಡರು ಎಂದು ನಾನು ರೇಗಾಡುತ್ತ ಸಾಮಾನು ಕಟ್ಟುತ್ತಿದ್ದೆ. ಕೊಟ್ರಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಸಾಲಿ ಹುಡುಗ್ರು ಯಾವತ್ತರ ಗುಂಡಿ ಒತ್ತಿದ್ರೇನು? ಬಾಗಿಲಿಗೆ ಒರಗಿದ್ರು, ದೀಪ ಹತ್ತಿತು."

ಇಪ್ಪತ್ತೆರಡು ವರ್ಷ ವೈರಿಂಗ್ ಮಾಡಿದ ನನಗೆ ಇದು ಹೊಳೆದಿರಲಿಲ್ಲ: ಗಿರಾಕಿ ಬಂದು ನಿಂತರೆ ಸಾಕು, ದೀಪ ತಾನೇ ಹತ್ತಬೇಕು. ಕಿಂಡಿ ಎತ್ತರ; ಕೆಳಗೆ ಇಟ್ಟ ಹಲಗೆಯ ಮೆಟ್ಟಿಲು ಹತ್ತದೆ ಯಾರಿಗೂ ಕೈ ಎಟುಕುವುದಿಲ್ಲ. ಗುಂಡಿ ಕಿತ್ತು ಹಾಕಿದೆ. ಹಳೇ ಬಾಗಿಲ ಸ್ವಿಚ್ಚನ್ನೇ ತಂದು ಮೆಟ್ಟಿಲಿಗೆ ಕೂಡಿಸಿದೆ, ಹಲಗೆಯ ಅಡಿ ಎರಡು ಸ್ಪ್ರಿಂಗ್ ಇಟ್ಟೆ. ಕಾಲಿಟ್ಟರೆ ಹಲಗೆ ಬೆರಳಷ್ಟು ಇಳಿಯುತ್ತದೆ, ಬಾಗಿಲು ಸಡಿಲವಾದಂತೆ ದೀಪ ಹತ್ತುತ್ತದೆ. ಬೆಳಗಾಗುವುದನ್ನೇ ಕಾದು, ಅಮರೇಶ ಬರುವುದರೊಳಗೆ ಮುಗಿಸಿದೆ. ಕೊಟ್ರಮ್ಮ ಮೆಟ್ಟಿಲ ಮೇಲೆ ಒಮ್ಮೆ ನಿಂತು, ಒಳಗೆ ಇಣುಕಿ, ದೀಪ ನೋಡಿಯೇ ಒಲೆ ಹಚ್ಚಿದಳು.

ಆ ದಿನ ಗಿರಾಕಿಗಳು ಕೂಗಿದರು, ಬಡಿದರು, ಆದರೆ ಅದಕ್ಕೂ ಮೊದಲೇ ಕೊಟ್ರಮ್ಮ ತಿರುಗಿ ಅವರ ಬಾಯಿ ನೋಡುತ್ತಿದ್ದಳು. ಅಮರೇಶ ಒಂದು ತಾಸು ಸುಮ್ಮನೆ ನಿಂತು, ಎರಡು ಪ್ಲೇಟು ತಿಂದು ಮನೆಗೆ ಹೋದ. ಚನ್ನಬಸವ ರಸ್ತೆಯಾಚೆ ಬೈಕಿನ ಮೇಲೆ ಕೂತು ನೋಡುತ್ತಲೇ ಇದ್ದ. ಜನ ಕರಗಿದ ಮೇಲೆ ಬಂದು, ಸದ್ದಿಲ್ಲದೆ ಮೆಟ್ಟಿಲು ಹತ್ತಿ ನಿಂತ. ಆಕೆ ಬೆನ್ನು ಹಾಕಿ ಬಾಣಲೆಯಿಂದ ಮಿರ್ಚಿ ಎತ್ತುತ್ತಿದ್ದಳು. ತಲೆ ತಗ್ಗಿಸಿ, ಹಲಗೆಗೆ ಹೇಳುವವನಂತೆ, ತಪ್ಪಾಯ್ತಕ್ಕ ಎಂದ.

ದೀಪ ಹತ್ತಿತ್ತು. ಕೊಟ್ರಮ್ಮ ಜಾಲರಿ ಸೌಟು ಕೈಯಲ್ಲೇ ಹಿಡಿದು ತಿರುಗಿದಳು.

"ತಲಿ ಎತ್ತಿ ಹೇಳಪ್ಪ. ನಿನ್ನ ತುಟಿ ಕಾಣವಲ್ದು."

ಅವನು ತಲೆ ಎತ್ತಿ ಇನ್ನೊಮ್ಮೆ ಹೇಳಿದ.